ಚರಗದ ಬುಟ್ಟಿ ಯಾರ ಕೈಗೆ

ನನಗೆ ಮಕ್ಕಳಿಲ್ಲ. ಇದನ್ನು ಮೊದಲಿಗೇ ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ಜನ ಈ ಮಾತನ್ನು ಕೊನೆಗೆ ಇಟ್ಟುಕೊಂಡು, ದನಿ ಇಳಿಸಿ, ಮೇಲೊಂದು 'ಪಾಪ' ಸೇರಿಸುತ್ತಾರೆ. ಪಾಪ ಏನೂ ಇಲ್ಲ. ಹೆತ್ತವರ ಗೋಳು ನೋಡಿದ್ದೇನೆ, ಹೆರದವಳ ಗೋಳು ಉಂಡಿದ್ದೇನೆ, ಎರಡನ್ನೂ ತೂಗಿದರೆ ತಕ್ಕಡಿ ಹೆಚ್ಚುಕಡಿಮೆ ಸಮ ನಿಲ್ಲುತ್ತದೆ. ನಮ್ಮವರು ಒಳ್ಳೆಯವರೇ. ಸಿಟ್ಟು ಬಂದರೆ ಮಾತ್ರ ಮಾತಾಡುತ್ತಿದ್ದರು. ದಿನಾ ಸಿಟ್ಟು ಬರುತ್ತಿತ್ತು, ಹಾಗಾಗಿ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಅವರು ಹೋಗಿ ಬಹಳ ವರ್ಷವಾಯಿತು.

ಶಿರಸಿಯಿಂದ ಬನವಾಸಿಗೆ ಹೋಗುವ ಡಾಂಬರು ರಸ್ತೆಯ ಬದಿಗೇ ನಮ್ಮೂರು. ತೋಟದ ಸೀಮೆಯಲ್ಲ, ಬಯಲು. ನನ್ನ ಹತ್ತಿರ ಇರುವುದು ಇಷ್ಟು: ಒಂದು ಮನೆ, ಒಂದು ಎಮ್ಮೆ, ಪೆಟ್ಟಿಗೆಯಲ್ಲಿ ಬಂಗಾರದ ಬೋರಮಾಳ ಸರ, ಕೆರೆಯ ಕೆಳಗೆ ಗದ್ದೆ. ಮನೆಯ ಮೇಲೆ ಅಂಥ ಮೋಹವಿಲ್ಲ, ಹಂಚು ಜಾರಿದಾಗೆಲ್ಲ ಬೈಯುತ್ತೇನೆ. ಎಮ್ಮೆಗೆ ನನ್ನ ಮೇಲೆ ಮೋಹವಿಲ್ಲ. ಗದ್ದೆಯ ಮಾತು ಬೇರೆ. ಗಂಡ ನನ್ನ ಮಾತು ಕೇಳಲಿಲ್ಲ, ಮೈದುನ ಕೇಳಲಿಲ್ಲ, ಎಮ್ಮೆ ಇವತ್ತಿಗೂ ಕೇಳುವುದಿಲ್ಲ. ನಾನು ಹೇಳಿದ್ದನ್ನು ಕೇಳಿದ್ದು ಗದ್ದೆ ಒಂದೇ. ಕಳೆ ಕಿತ್ತರೆ ಕಿತ್ತಷ್ಟು ಕೊಟ್ಟಿತು, ಮೈಗಳ್ಳತನ ಮಾಡಿದರೆ ಮಾಡಿದಷ್ಟು ಕಳೆಯಿತು. ಹಾಗಾಗಿ ನಾನು ಹೋದ ಮೇಲೂ ಅದು ಗದ್ದೆಯಾಗಿಯೇ ಇರಬೇಕು, ಅದರ ಹೊಟ್ಟೆ ನೋಡಿಕೊಳ್ಳುವವರ ಕೈಗೆ ಹೋಗಬೇಕು ಎಂಬುದೊಂದು ಹಟ ನನಗಿತ್ತು. ಯಾರ ಕೈಗೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಅವಸರವೂ ಇರಲಿಲ್ಲ.

ಅವಸರ ಹುಟ್ಟಿಸಿದ್ದು ಎಮ್ಮೆ. ಹಾಲು ಕರೆಯಲು ಕೂತವಳನ್ನು ಮೈಯಿಂದ ಒತ್ತಿತು. ಗೋಡೆಗೆ ಬಿದ್ದೆ, ಮೊಣಕಾಲು ತಿರುಚಿತು. ಶಿರಸಿಯ ದವಾಖಾನೆಯಲ್ಲಿ ಪಟ್ಟಿ ಸುತ್ತಿ ಮಲಗಿಸಿದರು. ಆ ಮಂಚದ ಮೇಲೆ ಮಲಗಿದಾಗಲೇ ನನಗೆ ಎಷ್ಟು ಮಂದಿ ಬಂಧುಗಳಿದ್ದಾರೆ ಎಂದು ತಿಳಿದದ್ದು. ಅಲ್ಲಿಯವರೆಗೆ ಉಂಡೆಯಾ ಎಂದು ಕೇಳದವರು ಈಗ ನಾನು ಎಷ್ಟು ಉಂಡೆ ಎಂದು ನರ್ಸಮ್ಮನನ್ನು ಕೇಳುತ್ತಿದ್ದರು. ಊರಿನ ಹಿರಿಯರು ಬಂದು, ಮಠಕ್ಕೆ ಬರೆದುಕೊಡು, ಹೆಸರು ಉಳಿಯುತ್ತದೆ ಎಂದರು. ಬದುಕಿದ್ದಾಗಲೇ ನನ್ನ ಹೆಸರು ಹಿಡಿದು ಕರೆದವರಿಲ್ಲ, ಸತ್ತ ಮೇಲೆ ಯಾರು ಕರೆದರೆ ಏನು ಎಂದು ಕಳಿಸಿದೆ.

ನಿಜವಾಗಿ ಲೆಕ್ಕಕ್ಕೆ ಬರುವವರು ಇಬ್ಬರೇ. ಒಬ್ಬನು ಮೈದುನನ ಮಗ. ಮೈದುನನೂ ಈಗಿಲ್ಲ. ಈ ಮಗನ ಮನೆ ನನ್ನ ಮನೆಗೆ ಗೋಡೆ ಹಚ್ಚಿ, ಅವನ ಗದ್ದೆ ನನ್ನ ಗದ್ದೆಗೆ ಬದು ಹಚ್ಚಿ. ಇನ್ನೊಬ್ಬಳು ನನ್ನ ತಂಗಿಯ ಮಗಳು, ಯಲ್ಲಾಪುರಕ್ಕೆ ಕೊಟ್ಟಿದ್ದಾರೆ. ಅವಳ ಗಂಡ ಅಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದಾನೆ. ಇಬ್ಬರೂ ನನ್ನನ್ನು ದೊಡ್ಡವ್ವ ಎನ್ನುತ್ತಾರೆ. ಕಣ್ಣು ಮುಚ್ಚಿಕೊಂಡಿದ್ದರೂ ಯಾರೆಂದು ಗೊತ್ತಾಗುತ್ತಿತ್ತು. ಅವನದು 'ದೊಡ್ಡವ್ವಾ' ಎಂದು ಬಾಗಿಲಲ್ಲೇ ಮುಗಿಯುತ್ತಿತ್ತು, ಅವಳದು ಮಂಚದ ತನಕ ಎಳೆದುಕೊಂಡು ಬರುತ್ತಿತ್ತು.

ಮನೆಗೆ ಮರಳಿದ ಮೇಲೆ, ಕೋಲು ಹಿಡಿದು ನಡೆಯಲು ಬಂದ ಕೂಡಲೇ, ಸಂತೆಗೆ ಹೋಗುತ್ತೇನೆಂದು ಹೇಳಿ ಬಸ್ಸು ಹತ್ತಿ ಶಿರಸಿಯ ವಕೀಲರ ಹತ್ತಿರ ಹೋದೆ. ತೋಟದ ಕಡೆಯವರು, ಬಾಯಲ್ಲಿ ಎಲೆಯಡಿಕೆ, ಮಾತು ಮೆತ್ತಗೆ. ನಾನು ಏನೂ ಬರೆಯದೆ ಸತ್ತರೆ ಎಲ್ಲ ಗಂಡನ ಕಡೆಗೆ, ಅಂದರೆ ಮೈದುನನ ಮಗನಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಬರೆದರೆ ಯಾರಿಗೆ ಬೇಕಾದರೂ ಕೊಡಬಹುದಂತೆ. ಆಗ ನನಗೆ ಒಂದು ತಿಳಿಯಿತು. ಮೈದುನನ ಮಗ ಬಾಗಿಲಲ್ಲೇ ಯಾಕೆ ನಿಲ್ಲುತ್ತಾನೆ, ತಂಗಿಯ ಮಗಳು ಮಂಚದ ತನಕ ಯಾಕೆ ಬರುತ್ತಾಳೆ ಎನ್ನುವುದು. ಅವನು ಸುಮ್ಮನಿದ್ದರೂ ಸಿಗುತ್ತದೆ, ಅವಳು ಸುಮ್ಮನಿದ್ದರೆ ಸಿಗುವುದಿಲ್ಲ. ಇಬ್ಬರೂ ಓದಿಕೊಂಡವರು, ವಕೀಲರಿಗಿಂತ ಮೊದಲೇ ಕೇಳಿ ತಿಳಿದಿದ್ದರು. ಕಾನೂನು ಗೊತ್ತಿಲ್ಲದವಳು ಆಸ್ತಿಯ ಒಡತಿ ಒಬ್ಬಳೇ.

"ಎಂತ ಅವಸರ ಇಲ್ಲ ಅಜ್ಜಿ, ಯೋಚನೆ ಮಾಡಿ ಬನ್ನಿ" ಎಂದರು ವಕೀಲರು. ಅವರಿಗೆ ಫೀಸು ಕೊಡಲು ಹೋದರೆ, ಬರೆದ ಮೇಲೆ ಎಂದರು. ಒಳ್ಳೆಯ ಮನುಷ್ಯ.

ಮಳೆ ಕಡಿಮೆಯಾಗುತ್ತಿದ್ದಂತೆ ತಂಗಿಯ ಮಗಳು ಕಾರು ತಂದು ನನ್ನನ್ನು ಯಲ್ಲಾಪುರಕ್ಕೆ ಕರೆದುಕೊಂಡು ಹೋದಳು. ಚಂದಗುಳಿಯ ಗಂಟೆ ಗಣಪನಿಗೆ ನನ್ನ ಕಾಲಿನ ಹರಕೆ ಹೊತ್ತಿದ್ದಾಳಂತೆ. ಹೋದೆವು. ಎತ್ತ ನೋಡಿದರೂ ಗಂಟೆ. ಹರಕೆ ಹೊತ್ತು, ಕೆಲಸವಾದ ಮೇಲೆ ಬಂದು ಗಂಟೆ ಕಟ್ಟುವ ಪದ್ಧತಿ. ಅವಳು ಬಹಳ ಹೊತ್ತು ಕೈ ಮುಗಿದು ನಿಂತಳು. ಒಂದು ಮೊಣಕಾಲಿಗೆ ಅಷ್ಟು ಹೊತ್ತು ಬೇಕಾಗುವುದಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ, ಎಷ್ಟು ದೊಡ್ಡ ಗಂಟೆ ಹೇಳಿಕೊಂಡೆ ಎಂದು. ಕೈಯನ್ನು ಬಿಂದಿಗೆ ಹಿಡಿದಷ್ಟು ಅಗಲ ಮಾಡಿ ತೋರಿಸಿದಳು. ನನ್ನ ಕಾಲು ಅಷ್ಟು ಬೆಲೆ ಬಾಳುವುದಿಲ್ಲ ಎಂದೆ. ಅವಳಿಗೂ ನಗು ಬಂತು. ಒಳ್ಳೆಯ ಹುಡುಗಿ, ಸುಳ್ಳು ಹೇಳಿದರೆ ಮುಖದಲ್ಲಿ ನಿಲ್ಲುವುದಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅವಳ ಗಂಡ ತನ್ನ ಆಲೋಚನೆ ಬಿಚ್ಚಿದ. ಗದ್ದೆ ರಸ್ತೆ ಬದಿಗಿದೆ, ಮಣ್ಣು ಹೊಡೆದು ಎತ್ತರ ಮಾಡಿದರೆ ಭರ್ಜರಿ ಕಲ್ಯಾಣ ಮಂಟಪ ಆಗುತ್ತದೆ, ಬನವಾಸಿ ಹಾದಿಯಲ್ಲಿ ಅಂಥದ್ದು ಇಲ್ಲ, ಮೇಲೆ ದೊಡ್ಡ ಅಕ್ಷರದಲ್ಲಿ ನನ್ನ ಹೆಸರು. ಬತ್ತ ಬೆಳೆಯುವ ನೆಲದ ಮೇಲೆ ಕುರ್ಚಿ ಹಾಕಿ ಕೂತು, ಬೇರೆ ಊರಿನ ಬತ್ತದ ಅನ್ನ ಉಣ್ಣುತ್ತಾರೆ ಎಂದಾಯಿತು. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅವರ ಮನೆಯ ಹೋಳಿಗೆ ಚೆನ್ನಾಗಿತ್ತು, ಬಾಯಿ ತುಂಬ ಹೋಳಿಗೆ ಇದ್ದಾಗ ನಾನು ಜಗಳ ಮಾಡುವುದಿಲ್ಲ.

ಇಷ್ಟಾಗುವ ಹೊತ್ತಿಗೆ ಸೀಗೆ ಹುಣ್ಣಿಮೆ ಬಂತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ಹೊತ್ತಿಗೆ ಬತ್ತ ಹೊಡೆ ತುಂಬಿ ನಿಂತಿರುತ್ತದೆ, ಭೂಮಿ ಬಸುರಿ ಎಂದು ಲೆಕ್ಕ. ಬಸುರಿಗೆ ಬಯಕೆ ಊಟ ಹಾಕಿದ ಹಾಗೆ ಗದ್ದೆಗೆ ಊಟ ಹಾಕಬೇಕು. ಹೋಳಿಗೆ, ಕಡುಬು, ಪುಂಡಿ ಪಲ್ಯ, ಮೊಸರು ಬುತ್ತಿ, ಮಾಡಿದ್ದನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬುಟ್ಟಿಗೆ ತುಂಬಿಕೊಂಡು, ಗದ್ದೆಯ ಸುತ್ತ ಬದುವಿನ ಮೇಲೆ ನಡೆಯುತ್ತ ಚೆಲ್ಲುವುದು. ಅದಕ್ಕೆ ಚರಗ ಎನ್ನುತ್ತೇವೆ. ಮುಂದೆ ಹೋಗುವವನು ಚೆಲ್ಲುತ್ತ 'ಹುಲ್ಲುಲ್ಲಿಗ್ಯೋ' ಎಂದು ಕೂಗಬೇಕು, ಹಿಂದೆ ನೀರಿನ ಕೊಡ ಹಿಡಿದು ಬರುವವರು ನೀರು ಚಿಮುಕಿಸುತ್ತ 'ಚಲ್ಲಾಂಬರಿಗ್ಯೋ' ಎಂದು ಓಗೊಡಬೇಕು. ಅರ್ಥ ನನಗೂ ಗೊತ್ತಿಲ್ಲ, ನನ್ನ ಅತ್ತೆಗೂ ಗೊತ್ತಿರಲಿಲ್ಲ. ಗದ್ದೆಗೆ ಗೊತ್ತಿದ್ದರೆ ಸಾಕು.

ಈ ಬುಟ್ಟಿ ಮನೆಯ ಗಂಡಸು ಹಿಡಿಯಬೇಕು. ನಮ್ಮವರು ಹೋದ ಮೇಲೆ ನಾನೇ ಹಿಡಿದೆ. ಹೆಂಗಸು ಬುಟ್ಟಿ ಹಿಡಿದಳು ಎಂದು ಊರು ಸ್ವಲ್ಪ ದಿನ ಗೊಣಗಿತು, ಬೆಳೆ ಚೆನ್ನಾಗಿ ಬಂದದ್ದು ನೋಡಿ ಸುಮ್ಮನಾಯಿತು. ಅದರ ಹಿಂದಿನ ಕೆಲವು ವರ್ಷ ವಯಸ್ಸಿಗೆ ಕಾಲು ಸೋತು ಆಚೆ ತುದಿಯ ತನಕ ಹೋಗದೆ, ನಡುವೆಯೇ ನಿಂತು ಅತ್ತ ಬೀಸಿ ಒಗೆದು ಬರುತ್ತಿದ್ದೆ. ಆ ವರ್ಷ ಅದೂ ಆಗುವ ಹಾಗಿರಲಿಲ್ಲ. ಬುಟ್ಟಿ ಯಾರಿಗೆ ಕೊಡುತ್ತೇನೋ ಗದ್ದೆ ಅವರಿಗೆ ಎಂದು ಊರೇ ತೀರ್ಮಾನ ಮಾಡಿತ್ತು. ನಾನು ಹಾಗೆ ಹೇಳಿರಲಿಲ್ಲ. ಆದರೆ ಅಲ್ಲ ಎಂದೂ ಹೇಳಿರಲಿಲ್ಲ.

ಯಲ್ಲಾಪುರದವರು ಹೊತ್ತು ಏರುವ ಮೊದಲೇ ಕಾರಿನಲ್ಲಿ ಬಂದಿಳಿದರು. ಮೈದುನನ ಮಗ ಬೆಳಿಗ್ಗೆಯೇ ತನ್ನ ಗದ್ದೆಯ ಚರಗ ಮುಗಿಸಿ, ಹೊಸ ಪಂಚೆ ಉಟ್ಟು, ಹೆಂಡತಿಯನ್ನು ಕರೆದುಕೊಂಡು ನನ್ನ ಗದ್ದೆಗೆ ಬಂದ. ಈ ಸೊಸೆ ಹಾನಗಲ್ ಕಡೆಯವಳು. ಮಾತು ಕಡಿಮೆ, ಆಡಿದರೆ ನೇರ. ನಾನು ಕಾಲು ತಿರುಚಿಕೊಂಡು ಮಲಗಿದ್ದಾಗ ಎಮ್ಮೆಯ ಹಾಲು ಕರೆದವಳು ಅವಳೇ. ಅದನ್ನು ದೊಡ್ಡದು ಮಾಡಿ ಹೇಳುವುದಿಲ್ಲ. ಹಾಲು ಅವಳ ಮನೆಗೇ ಹೋಗುತ್ತಿತ್ತು.

ಬನ್ನಿ ಮರದ ಕೆಳಗೆ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪೂಜೆ ಮಾಡಿದೆವು. ಆರತಿ ಎತ್ತಿ ತಿರುಗಿ ನೋಡಿದರೆ ತಂಗಿಯ ಮಗಳ ಗಂಡ ಇಲ್ಲ. ರಸ್ತೆ ಬದಿಯಲ್ಲಿ ಒಂದೊಂದೇ ಹೆಜ್ಜೆ ಉದ್ದ ಇಟ್ಟು ಅಳೆಯುತ್ತ ಹೋಗುತ್ತಿದ್ದ, ಬಾಯಲ್ಲಿ ಎಣಿಕೆ. ತಂಗಿಯ ಮಗಳು ನಾಚಿಕೊಂಡು ಅವನನ್ನು ಕೂಗಿದಳು. ಇರಲಿ ಬಿಡು, ಅವನ ಚರಗ ಅವನು ಚೆಲ್ಲುತ್ತಿದ್ದಾನೆ ಎಂದೆ. ಬುಟ್ಟಿ ಎತ್ತಿ ಮೈದುನನ ಮಗನ ಕೈಗೆ ಕೊಟ್ಟೆ. ನೀರಿನ ಕೊಡ ಹಿಡಿಯಬೇಕಾದ ಇನ್ನೊಬ್ಬ ಗಂಡಸು ಅಳತೆಯಲ್ಲಿದ್ದದ್ದರಿಂದ ಅದನ್ನು ಮೈದುನನ ಮಗನ ಹೆಂಡತಿ ಹಿಡಿದಳು.

ನಾನು ಮರದ ಬುಡದಲ್ಲೇ ಕೂತೆ. ಬತ್ತ ಎತ್ತರ ಬೆಳೆದು ಅವರ ತಲೆ ಮಾತ್ರ ಕಾಣುತ್ತಿತ್ತು. ಅವನು 'ಹುಲ್ಲುಲ್ಲಿಗ್ಯೋ' ಎನ್ನುವುದು, ಅವಳು 'ಚಲ್ಲಾಂಬರಿಗ್ಯೋ' ಎನ್ನುವುದು, ಒಂದರ ಹಿಂದೆ ಒಂದು ಕೇಳಿಸುತ್ತಿತ್ತು. ಚೆಂದ ಕೂಗುತ್ತಿದ್ದರು. ಇವನಿಗೇ ಆಗಲಿ, ಹೇಗೂ ಅವನಿಗೇ ಹೋಗುವುದು, ಬರೆಯುವ ಖರ್ಚೂ ಉಳಿಯಿತು ಎಂದುಕೊಂಡು ಕಡುಬಿಗೆ ಕೈ ಹಾಕಿದೆ.

ಆಚೆ ತುದಿಯಿಂದ 'ಹುಲ್ಲುಲ್ಲಿಗ್ಯೋ' ಬಂತು. ಓಗೊಟ್ಟದ್ದು ಕೇಳಲಿಲ್ಲ. ಮತ್ತೆ ಕೂಗಿದ. ಓಗೊಡಲಿಲ್ಲ. ಆಮೇಲೆ ಕೂಗೇ ನಿಂತಿತು.

ಚರಗದ ಕೂಗು ಅರ್ಧಕ್ಕೆ ನಿಂತರೆ ಹಾವೋ ಗೀವೋ ಎಂದು ಹೆದರಿಕೆ. ತಂಗಿಯ ಮಗಳ ಭುಜ ಹಿಡಿದು, ಕೋಲು ಊರಿಕೊಂಡು ಹೋದೆ. ಹಾವು ಇರಲಿಲ್ಲ. ಮೈದುನನ ಮಗ ಬುಟ್ಟಿ ಹಿಡಿದು ಬದುವಿನ ಮೇಲೆ ನಿಂತಿದ್ದ. ಅವನ ಹೆಂಡತಿ ಬದು ಇಳಿದು, ಅವರದೇ ಗದ್ದೆಯ ಬತ್ತದ ನಡುವೆ, ಸೊಂಟದ ತನಕ ಮುಳುಗಿ ನಿಂತಿದ್ದಳು. ಅವಳ ಕಾಲ ಬಳಿ ಬಾಂದಗಲ್ಲು. ಸರಕಾರದವರು ಗದ್ದೆ ಅಳೆದು ಗಡಿಗೆ ನೆಟ್ಟ ಕಲ್ಲಿಗೆ ನಾವು ಹಾಗೆನ್ನುತ್ತೇವೆ.

"ಅತ್ತಿ, ಇವ್ರು ಬಾಂದಗಲ್ಲಿಗೆ ಚರಗ ಹಾಕವಲ್ರು" ಎಂದಳು ಸೊಸೆ.

"ಅದಕ್ಕ ಮುಂಜಾನಿ ನಮ್ಮ ಚರಗದಾಗ ಹಾಕೀನಿ. ಅದು ನಮ್ಮ ಗದ್ದ್ಯಾಗ ಐತಿ" ಎಂದ ಅವನು.

ಹೇಳಿದ ಮೇಲೆ ಅವನಿಗೇ ಕೇಳಿಸಿತು, ತಾನು ಏನು ಹೇಳಿದೆ ಎಂದು. ಆ ಕಲ್ಲು ನಮ್ಮಿಬ್ಬರ ಗದ್ದೆಯ ಗಡಿ. ನಾನು ಈ ಮನೆಗೆ ಬಂದಾಗ ಬದು ಅದಕ್ಕೆ ತಾಗಿಯೇ ಇತ್ತು. ಈಗ ಬದು ನನ್ನ ಕಡೆ ಸರಿದು ಬಂದು, ಕಲ್ಲು ಅವನ ಬತ್ತದ ನಡುವೆ ಹೋಗಿ ಕೂತಿದೆ. ಕಲ್ಲು ನಡೆಯುವುದಿಲ್ಲ.

ಅವನ ಮುಖ ನೋಡಿ ನನಗೆ ಸಿಟ್ಟಿಗಿಂತ ಮೊದಲು ನಗು ಬಂತು. ಸುಮ್ಮನೆ ಎರಡು ಹಿಡಿ ಅನ್ನ ಆ ಕಲ್ಲಿನ ಮೇಲೆ ಒಗೆದು ಮುಂದೆ ಹೋಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಮ್ಮ ಜನ ಹಾಗಲ್ಲ. ಯಾರ ಹೆಸರಿನ ಚರಗ ಬಿದ್ದಿತೋ ನೆಲ ಅವರದೆಂದು ಭೂಮಿತಾಯಿ ತಿಳಿಯುತ್ತಾಳೆ ಎಂಬ ನಂಬಿಕೆ. ನನ್ನ ಚರಗ ಅಲ್ಲಿ ಚೆಲ್ಲಿದರೆ ತಾನೇ ನನ್ನ ನೆಲವೆಂದು ಒಪ್ಪಿದ ಹಾಗೆ. ಮುದುಕಿಯ ಗದ್ದೆ ಒತ್ತಲು ಹೆದರದವನು ಬಸುರಿ ಭೂಮಿಯ ಮುಂದೆ ಸುಳ್ಳು ಹೇಳಲು ಹೆದರಿದ. ಕಳ್ಳನೇ, ಆದರೆ ಭಕ್ತಿವಂತ.

"ಎಲ್ಲಾ ನಿನಗ ಬರೂದಿತ್ತಲ್ಲೋ. ಮತ್ತ ಇದ್ಯಾಕ ಒತ್ತಿದಿ?" ಎಂದು ಕೇಳಿದೆ.

ಅವನು ಬುಟ್ಟಿಯನ್ನೇ ನೋಡುತ್ತ, "ರೂಢಿ ದೊಡ್ಡವ್ವ. ಅಪ್ಪನೂ ಒತ್ತತಿದ್ದ" ಎಂದ.

ನಿಜ. ಮೈದುನ ಪ್ರತಿ ವರ್ಷ ಬದು ಕಟ್ಟುವಾಗ ಗುದ್ದಲಿ ಅಗಲದಷ್ಟು ನಮ್ಮ ಕಡೆ ಕಡಿಯುತ್ತಿದ್ದ. ನಮ್ಮವರು ಸಿಟ್ಟಾಗಿ, ನಾಲ್ಕು ಮಾತು ಬೈದು, ಅಷ್ಟನ್ನೇ ಆ ಕಡೆ ಕಡಿಯುತ್ತಿದ್ದರು. ಇಬ್ಬರ ಗುದ್ದಲಿಯ ನಡುವೆ ಬದು ತನ್ನ ಜಾಗದಲ್ಲಿ ಇರುತ್ತಿತ್ತು. ನಮ್ಮವರು ಹೋದರು, ಒಂದೇ ಕಡೆಯ ಗುದ್ದಲಿ ಉಳಿಯಿತು. ಅಪ್ಪ ಹೋದ, ಗುದ್ದಲಿ ಮಗನ ಕೈಗೆ ಬಂತು. ವಾರಸುದಾರಿಕೆ ಎಂದರೆ ಏನೆಂದು ವಕೀಲರು ಅಷ್ಟು ಹೊತ್ತು ಹೇಳಿದ್ದಕ್ಕಿಂತ ನನಗೆ ಇದು ಬೇಗ ಅರ್ಥವಾಯಿತು.

ನಾವು ಹೀಗೆ ನಿಂತಿದ್ದಾಗ ಸೊಸೆ ಕೊಡ ಕೆಳಗಿಟ್ಟು ಗಂಡನ ಕಡೆ ಕೈ ಚಾಚಿದಳು.

"ಬಸರಿಗೆ ಬಡಸೂವಾಗ ಎಲಿ ತುದಿ ಬಿಟ್ಟು ಬಡಸ್ತಾರೇನ್ರಿ? ಎರಡ ಸಲ ಉಂಡ್ರ ಆಕೀಗೇನೂ ಅಜೀರ್ಣ ಆಗೂದಿಲ್ಲ. ತರ್ರಿ ಇಲ್ಲಿ."

ಬುಟ್ಟಿಯನ್ನು ಅವನ ಕೈಯಿಂದ ತಾನೇ ತೆಗೆದುಕೊಂಡಳು. ಬಾಂದಗಲ್ಲಿನ ಮೇಲೆ ಒಂದು ಹಿಡಿ ಹಾಕಿದಳು. ಅಲ್ಲಿಂದ ಹಳೆಯ ಗಡಿ ಹಿಡಿದು, ತಮ್ಮದೇ ಬತ್ತವನ್ನು ಕೈಯಿಂದ ಸರಿಸಿಕೊಳ್ಳುತ್ತ, ಚೆಲ್ಲುತ್ತ, ಗಂಡಸಿನಂತೆ ಗಂಟಲು ಬಿಟ್ಟು ಕೂಗುತ್ತ ಹೋದಳು. ಓಗೊಡುವವರಿಲ್ಲ. ನಾನು ಮೈದುನನ ಮಗನ ಬೆನ್ನಿಗೆ ಕೋಲಿನಿಂದ ತಿವಿದೆ. ಅವನು ಕೊಡ ಎತ್ತಿಕೊಂಡು ಹೆಂಡತಿಯ ಹಿಂದೆ ನಡೆದ. ಅವನ 'ಚಲ್ಲಾಂಬರಿಗ್ಯೋ' ಬಹಳ ಸಣ್ಣಗೆ ಬಂತು.

ತಂಗಿಯ ಮಗಳು ನನ್ನ ಪಕ್ಕ ನಿಂತು ನೋಡುತ್ತಿದ್ದಳು. "ನನ್ನ ಗಂಟಿ ಹೋತು ಬಿಡ ದೊಡ್ಡವ್ವ" ಎಂದಳು. ಇಬ್ಬರೂ ಬದುವಿನ ಮೇಲೆ ಕೂತು ನಕ್ಕೆವು. ಅವಳಿಗೆ ನನ್ನ ಮೇಲೆ ಪ್ರೀತಿ ಇರುವುದು ನಿಜ. ಸ್ವಲ್ಪ ಆಸೆಯೂ ಇತ್ತು, ಅಷ್ಟೇ. ಆಸೆ ಬೆರೆಯದ ಪ್ರೀತಿ ನಾನು ಎಮ್ಮೆಯಲ್ಲೂ ನೋಡಿಲ್ಲ, ಹಿಂಡಿ ಇಡದಿದ್ದರೆ ತಿರುಗಿಯೂ ನೋಡುವುದಿಲ್ಲ.

ಮುಂದಿನ ಸಂತೆಯ ದಿನ ಸೊಸೆಯನ್ನು ಕರೆದುಕೊಂಡು ಶಿರಸಿಗೆ ಹೊರಟೆ. ಯಾಕೆಂದು ಬಸ್ಸಿನಲ್ಲಿ ಹೇಳಿದೆ. ಅವಳು ಇಳಿಯಲು ಎದ್ದಳು.

"ನನಗ್ಯಾಕ್ರೀ ಅತ್ತಿ? ಮನ್ಯಾಗ ಜಗಳಾ ಆಗತೈತಿ" ಎಂದಳು.

"ಆಗಲಿ. ಜಗಳಾ ನಿಂತಿದ್ದಕ್ಕ ಬದು ಸರಿದದ್ದು" ಎಂದೆ.

ಬುದ್ಧಿ ಸರಿ ಇದೆಯೆಂದು ಡಾಕ್ಟರರ ಚೀಟಿ ಇದ್ದರೆ ಒಳ್ಳೆಯದು ಎಂದು ವಕೀಲರು ಹೇಳಿದ್ದರಿಂದ ಮೊದಲು ಅಲ್ಲಿಗೆ ಹೋದೆವು. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ಸಂತೆಯ ವಾರ, ಬದನೆಕಾಯಿ ತುಟ್ಟಿಯಾಗಿದೆ, ನಿಮ್ಮ ಮನೆಯವರಿಗೆ ಕುಂಬಳಕಾಯಿ ತರಲು ಹೇಳಿ ಎಂದೆ. ಮುಂದೆ ಏನೂ ಕೇಳದೆ ಸಹಿ ಹಾಕಿದರು.

ವಕೀಲರು ಸೊಸೆಯ ಹೆಸರು ಕೇಳಿ ಕನ್ನಡಕ ತೆಗೆದರು. ಮೈದುನನ ಮಗನಿಗೆ ಹೋಗುವುದು ಅವನ ಹೆಂಡತಿಗೆ ಹೋಗುತ್ತದೆ, ಅದಕ್ಕೆ ಇಷ್ಟು ಖರ್ಚು ಯಾಕೆ ಎಂಬುದು ಅವರ ಪ್ರಶ್ನೆ.

"ಗಂಡ ಹೆಂಡತಿ ಎಂತ ಬೇರೆಯಾ ಅಜ್ಜಿ? ಒಂದೇ ಆಯ್ತಲ್ಲ" ಎಂದರು.

"ಒಂದ ಅಲ್ಲರಿ ಸಾಹೇಬ್ರ. ನಡುವ ಬದು ಐತಿ" ಎಂದೆ.

ಅವರಿಗೆ ಕಥೆಯನ್ನೆಲ್ಲ ಹೇಳಬೇಕಾಯಿತು. ಎಲೆಯಡಿಕೆ ಉಗುಳಿ ಬಂದು ಕೂತು ಕೇಳಿದರು. ಗದ್ದೆ ಮತ್ತು ಮನೆ ಸೊಸೆಗೆ, ಬೋರಮಾಳ ಸರ ತಂಗಿಯ ಮಗಳಿಗೆ ಎಂದು ಬರೆಸಿದೆ. ಎಮ್ಮೆಯನ್ನು ಯಾರಿಗೆ ಎಂದು ಕೇಳಿದರು. ಅದು ನನಗಿಂತ ಮೊದಲು ಸಾಯಲಿ, ಅಷ್ಟಾದರೂ ನನ್ನ ಮಾತು ಕೇಳಲಿ ಎಂದೆ. ಅದನ್ನು ಬರೆಯಲಿಲ್ಲ.

ಮೈದುನನ ಮಗ ಬಹಳ ದಿನ ನನ್ನೊಂದಿಗೆ ಮಾತು ಬಿಟ್ಟ. ನನ್ನೊಂದಿಗೆ ಮಾತು ಬಿಡುವುದು ಕಷ್ಟ, ಗೋಡೆಗೆ ಗೋಡೆ ಇದೆ, ನಾನು ಈಚೆಯಿಂದ ಮಾತಾಡುತ್ತಲೇ ಇರುತ್ತೇನೆ. ಕಟಾವು ಮುಗಿದು, ಬೇಸಿಗೆ ಕಳೆದು, ಬದು ಕಟ್ಟುವ ದಿನ ಬಂದಾಗ ಅವನು ಗುದ್ದಲಿ ಹಿಡಿದು ಹೋದ. ಸೊಸೆ ಹಿಂದೆಯೇ ಹೋದಳು, ಬಾಂದಗಲ್ಲಿನ ಮೇಲೆ ಕಾಲು ಚಾಚಿ ಕೂತಳು. ಅವನು ಒಂದು ಗುದ್ದಲಿ ಕಡಿದು ಅವಳ ಮುಖ ನೋಡುವುದು, ಅವಳು ಇನ್ನೂ ಈಚೆ ಎಂದು ಗದ್ದ ಎತ್ತಿ ತೋರಿಸುವುದು. ಸಂಜೆಯ ಹೊತ್ತಿಗೆ ಬದು ತನ್ನ ಹಳೆಯ ಜಾಗಕ್ಕೆ ಬಂತು. ಹೆಂಡತಿಗೆ ಬರುವ ಗದ್ದೆಯನ್ನು ಒತ್ತಿದರೆ ಸಿಗುವ ಲಾಭವೇನು ಎಂದು ಅವನು ಇನ್ನೂ ಲೆಕ್ಕ ಹಾಕುತ್ತಿರಬೇಕು. ಮಳೆ ಹಿಡಿದ ಮೇಲೆ ಮಾತು ಶುರು ಮಾಡಿದ. ನಾನು ಬೇಕೆಂದೇ ಇದನ್ನು ಮಾಡಿದೆನೋ ಎಂದು ಕೇಳಿದ. ಹೌದು ಎಂದೆ.

ತಂಗಿಯ ಮಗಳು ಚಂದಗುಳಿಗೆ ಹೋಗಿ ಗಂಟೆ ಕಟ್ಟಿ ಬಂದಳು. ಬಿಂದಿಗೆಯಷ್ಟು ದೊಡ್ಡದು ಹೇಳಿಕೊಂಡಿದ್ದವಳು, ತನ್ನ ಹೆಸರಿಗೆ ಬಂಗಾರದ ಸರ ಮಾತ್ರ ಬರೆದದ್ದರಿಂದ ಲಿಂಬೆಹಣ್ಣಿನಷ್ಟು ಸಣ್ಣದು ಕಟ್ಟಿದಳಂತೆ. ಗಣಪ ಒಪ್ಪಿದನೋ ಎಂದೆ. ನಿನ್ನ ಕಾಲು ಅಷ್ಟೇ ಬಾಳುತ್ತದೆ ಎಂದು ನೀನೇ ಅಂದಿದ್ದೆಯಲ್ಲ ಎಂದಳು.

ಈ ವರ್ಷದ ಸೀಗೆ ಹುಣ್ಣಿಮೆಗೆ ನಾನು ಬನ್ನಿ ಮರದ ಕೆಳಗೆ ಚಾಪೆ ಹಾಸಿಕೊಂಡು ಕೂತೆ. ಬುಟ್ಟಿ ಸೊಸೆಯ ಕೈಯಲ್ಲಿ, ಕೊಡ ಅವಳ ಗಂಡನ ಕೈಯಲ್ಲಿ. ಊರವರು ಬದುವಿನ ಮೇಲೆ ನಿಂತು ನೋಡಿ ನಕ್ಕರು, ಆಮೇಲೆ ತಮ್ಮ ತಮ್ಮ ಗದ್ದೆಗೆ ಹೋದರು. ಕೂಗು ಆಚೆ ತುದಿಗೆ ಹೋಯಿತು. ಬಾಂದಗಲ್ಲಿನ ಹತ್ತಿರ ಅವಳು ನಿಂತದ್ದು ಕಂಡಿತು. 'ಹುಲ್ಲುಲ್ಲಿಗ್ಯೋ' ಎಂದಳು. ನಾನು ಕಡುಬು ಕೈಯಲ್ಲಿ ಹಿಡಿದುಕೊಂಡು ಕಾದೆ.

ಅವನು ಓಗೊಟ್ಟ. ಕೆರೆಯ ಏರಿಯ ಮೇಲಿದ್ದ ಕೊಕ್ಕರೆಗಳು ಹಾರುವಷ್ಟು ಜೋರಾಗಿ.

ನಾನು ಕಡುಬು ತಿಂದೆ. ಬೆಲ್ಲ ಸ್ವಲ್ಪ ಕಡಿಮೆಯಾಗಿತ್ತು. ಸೊಸೆಗೆ ಹೇಳಬೇಕು.